ಗೋಡೆಯ ಹಿಂದಿನ ಒಂಬತ್ತು ಜನ

"ಹೊರಗೆ ಹೋಗು! ಈಗಲೇ ಹೋಗು!"

ಎಂಬತ್ತೆಂಟರ ಫ್ರೀಡಾ ಕಿರುಚಿದ ರಭಸಕ್ಕೆ ಸೊಸೆ ಪದ್ಮಜಾಳ ಕೈಯಲ್ಲಿದ್ದ ಸೌಟು ಜಾರಿಬಿತ್ತು. ಊಟದ ಮೇಜಿನ ತುದಿಯಲ್ಲಿ ಪದ್ಮಜಾಳ ತಾಯಿ ಮರಿತಾಯಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಉಬ್ಬಸದ ಕೆಮ್ಮನ್ನು ತಡೆಯಲು ಹೆಣಗುತ್ತಿದ್ದಳು. ಮಂಡ್ಯದಿಂದ ಕಡಲಾಚೆಯ ಮಗಳ ಮನೆಗೆ ಬಂದು ಇನ್ನೂ ಹನ್ನೊಂದು ದಿನ. ಇಂಗ್ಲಿಷ್ ಬಾರದಿದ್ದರೇನು, ಬೀಗಿತ್ತಿಯ ಬೆರಳು ಬಾಗಿಲಿನತ್ತ ಚಾಚಿದ್ದು ಅರ್ಥವಾಗದೇ ಇರುತ್ತದೆಯೇ?

ಪದ್ಮಜಾಳಿಗೆ ಸಿಟ್ಟಿಗಿಂತ ಮೊದಲು ಆಯಾಸವೇ ಬಂತು. ಇಪ್ಪತ್ತೆರಡು ವರ್ಷ! ಜೋಯೆಲ್‌ನನ್ನು ಮೆಚ್ಚಿ ಮದುವೆಯಾಗಿ ಕ್ಯಾಂಪ್‌ಬೆಲ್ ಊರಿನ ಈ ಮನೆಗೆ ಕಾಲಿಟ್ಟಂದಿನಿಂದ ಅವಳು ಪಿಸುದನಿಯಲ್ಲೇ ಸಂಸಾರ ಮಾಡಿದ್ದಳು. ನಡೆದರೆ ಸದ್ದಾಗಬಾರದು, ಪಾತ್ರೆ ಸದ್ದು ಮಾಡಬಾರದು, ಹಗಲಿನಲ್ಲಿ ಟಾಯ್ಲೆಟ್ಟಿನ ಫ್ಲಶ್ಶು ಒತ್ತಬಾರದು. "ಅಮ್ಮ ಯಹೂದಿ, ಚಿಕ್ಕವಳಿದ್ದಾಗ ಯುದ್ಧದಲ್ಲಿ ಅಡಗಿಕೊಂಡು ಬದುಕಿದವಳು, ಸಹಿಸಿಕೋ" ಎನ್ನುತ್ತಿದ್ದ ಜೋಯೆಲ್. ಸಹಿಸಿಕೊಂಡಿದ್ದಳು. ಆದರೆ ಇವತ್ತು...

"ಸಾಕು ಫ್ರೀಡಾ! ಅವರು ನನ್ನ ತಾಯಿ. ಅವರು ಹೋಗಬೇಕೆಂದರೆ ನಾನೂ ಹೋಗುತ್ತೇನೆ!"

ಫ್ರೀಡಾ ತನ್ನ ಬೆರಳನ್ನೇ ದಿಟ್ಟಿಸಿದಳು. ಆಮೇಲೆ ಕುರ್ಚಿಯಲ್ಲಿ ಕುಸಿದಳು.

"ಇದೇ ಮಾತು... ಹಿಂದೊಮ್ಮೆ ಇದೇ ಮಾತು ಆಡಿದ್ದೆ," ಎಂದಳು. ಮಗನಿಗೂ ಹೇಳದಿದ್ದುದನ್ನು ತಡೆತಡೆದು ಹೇಳತೊಡಗಿದಳು.

ಪೋಲೆಂಡಿನ ಒಂದು ಸಣ್ಣ ಊರು. ಗಿರಣಿಯವನೊಬ್ಬ ತನ್ನ ಪ್ರಾಣದ ಹಂಗು ತೊರೆದು, ಹಿಟ್ಟಿನ ಮೂಟೆಗಳ ಹಿಂದೆ ಸುಳ್ಳು ಗೋಡೆ ಕಟ್ಟಿ ಎರಡು ಯಹೂದಿ ಕುಟುಂಬಗಳನ್ನು ಬಚ್ಚಿಟ್ಟಿದ್ದ. ಒಂಬತ್ತು ಜನ! ಒಬ್ಬರು ಮಗ್ಗುಲು ಬದಲಿಸಿದರೆ ಎಲ್ಲರೂ ಬದಲಿಸಬೇಕು, ಅಷ್ಟೇ ಜಾಗ. ಫ್ರೀಡಾಳ ತಾಯಿ ಗಿಟೆಲ್‌ಗೂ ಇನ್ನೊಂದು ಮನೆಯಾಕೆಗೂ ನೀರಿಗಾಗಿ, ಗೋಡೆಯ ಬಿರುಕಿನಿಂದ ಬರುವ ಒಂದಿಷ್ಟು ಗಾಳಿಗಾಗಿ ದಿನವೂ ಪಿಸುಮಾತಿನ ಜಗಳ. ಆ ಮನೆಯ ಅಜ್ಜಿಗೆ ಹಿಟ್ಟಿನ ಧೂಳಿಗೆ ಕೆಮ್ಮು. ಹಿಟ್ಟು ಒಯ್ಯಲು ಜರ್ಮನ್ ಸೈನಿಕರು ಗೋಡೆಯಾಚೆ ಬಂದಾಗ ಅವಳ ಬಾಯಿಗೆ ಬಟ್ಟೆ ತುರುಕಬೇಕಾಗುತ್ತಿತ್ತು. ಒಂದು ದಿನ ಅವರು ಹೋದ ಮೇಲೆ, ಆರು ವರ್ಷದ ಫ್ರೀಡಾ ಅಜ್ಜಿಯ ಕಿವಿಯಲ್ಲಿ ಹೇಳಿದ್ದಳು: "ನಿನ್ನಿಂದ ನಾವೆಲ್ಲ ಸಾಯುತ್ತೇವೆ. ಹೊರಗೆ ಹೋಗು."

ಅಜ್ಜಿ ಅವಳ ತಲೆ ನೇವರಿಸಿದಳಂತೆ. ಮರುದಿನ ಬೆಳಗಾಗುವಷ್ಟರಲ್ಲಿ ಅವಳ ಜಾಗ ಖಾಲಿ! ಮತ್ತೆ ಬರಲಿಲ್ಲ.

"ಜಗಳವಾಡುತ್ತಿದ್ದವಳು ನನ್ನಮ್ಮ. ಅವಳೇ ಮುದುಕಿಯನ್ನು ಓಡಿಸಿದಳು ಎಂದರು ಆ ಮನೆಯವರು. ಅಮ್ಮನಿಗೆ ಎಲ್ಲ ಗೊತ್ತಿತ್ತು... ನನಗಾಗಿ ಬಾಯಿ ಬಿಡಲಿಲ್ಲ. ಆ ಅಪವಾದ ಹೊತ್ತುಕೊಂಡೇ ಸತ್ತಳು. ಅಜ್ಜಿಯ ಮೊಮ್ಮಗಳು ಪೆರ್ಲಾ ಇಲ್ಲೇ ಹತ್ತಿರ, ಮೆನ್ಲೋ ಪಾರ್ಕ್ ಊರಿನಲ್ಲಿದ್ದಾಳೆ. ಅರವತ್ತು ವರ್ಷದಿಂದ ಅವಳಿಗೆ ನಿಜ ಹೇಳಲು ನನಗೆ ಧೈರ್ಯ ಬಂದಿಲ್ಲ, ಪದ್ಮಜಾ..."

"ಏನಂತವ್ವಾ? ಯಾಕಳ್ತಾವ್ಳೆ?" ಎಂದಳು ಮರಿತಾಯಮ್ಮ. ಪದ್ಮಜಾ ಎಲ್ಲವನ್ನೂ ಕನ್ನಡದಲ್ಲಿ ಹೇಳಿದಳು. ಮುದುಕಿ ಎದ್ದುಹೋಗಿ ಬೀಗಿತ್ತಿಯ ಕೈ ಹಿಡಿದುಕೊಂಡಳು.

"ಆರು ವರ್ಸದ ಕೂಸಿನ ಮಾತಿಗೆ ಯಾರಾದ್ರೂ ಎದ್ದು ಹೋಯ್ತಾರಾ, ಪದ್ಮಾ? ಆ ಯಮ್ಮ ಎಂದೋ ತೀರ್ಮಾನ ಮಾಡಿರ್ತಾಳೆ. ಮೊಮ್ಮಕ್ಕಳು ಪಕ್ಕದಲ್ಲಿದ್ರೆ ನಾನಾಗಿದ್ರೂ ಹೋಯ್ತಿದ್ದೆ. ಆದ್ರೆ ಇವಳವ್ವನ ಮೇಲಿರೋ ಅಪವಾದ ಅದೆಯಲ್ಲ, ಅದನ್ನ ಇವಳೇ ತೆಗೀಬೇಕು. ಕರ್ಕೊಂಡೋಗು."

ಆ ಮಧ್ಯಾಹ್ನವೇ ಪದ್ಮಜಾ ಕಾರು ತೆಗೆದಳು. ತೊಂಬತ್ತೊಂದರ ಪೆರ್ಲಾ ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿದ್ದಳು. ಫ್ರೀಡಾ ಕೂರಲಿಲ್ಲ. ನಿಂತೇ ಎಲ್ಲವನ್ನೂ ಒಪ್ಪಿಸಿದಳು. ಬೈಗುಳ ಬರುತ್ತದೆಂದು ಪದ್ಮಜಾ ಅತ್ತೆಯ ಭುಜ ಹಿಡಿದುಕೊಂಡಳು.

"ನೀನು ಹೇಳಿದ್ದು ನನಗೆ ಕೇಳಿಸಿತ್ತು," ಎಂದಳು ಪೆರ್ಲಾ. "ಪಕ್ಕದಲ್ಲೇ ಮಲಗಿದ್ದೆನಲ್ಲ. ಅಜ್ಜಿ ಎದ್ದು ಹೋಗುವಾಗಲೂ ಎಚ್ಚರವಾಗಿದ್ದೆ. ಅವಳ ಬಟ್ಟೆ ಹಿಡಿದು ತಡೆಯಬಹುದಿತ್ತು... ತಡೆಯಲಿಲ್ಲ. ಅವಳು ಹೋದ ಮೇಲೆ ನಾನು ಕಾಲು ಚಾಚಿದೆ, ಫ್ರೀಡಾ! ಎಷ್ಟೋ ತಿಂಗಳ ಮೇಲೆ ಪೂರ್ತಿ ಕಾಲು ಚಾಚಿ ನಿದ್ದೆ ಮಾಡಿದೆ. ನನ್ನಮ್ಮ ನಿಮ್ಮಮ್ಮನನ್ನು ಶಪಿಸುವಾಗಲೆಲ್ಲ ಸುಮ್ಮನೆ ಕೇಳಿಸಿಕೊಂಡೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೆ ಪೆರ್ಲಾಳೇ ಫ್ರೀಡಾಳತ್ತ ಕೈ ಚಾಚಿದಳು.

"ಗಿಟೆಲ್‌ಳನ್ನು ಎಲ್ಲಿ ಮಣ್ಣು ಮಾಡಿದಿರಿ?"

"ಕೋಲ್ಮಾ ಊರಿನ ಸ್ಮಶಾನದಲ್ಲಿ."

"ನನ್ನನ್ನು ಕರೆದುಕೊಂಡು ಹೋಗಿ. ಈಗಲೇ."

ಪದ್ಮಜಾಳ ಹೊಟ್ಟೆಯಲ್ಲಿ ಬೆಳಗಿನ ಕಾಫಿ ಬಿಟ್ಟರೆ ಏನೂ ಇರಲಿಲ್ಲ. ಸೊಂಟ ನೋಯುತ್ತಿತ್ತು. ಫ್ರೀವೇ ತುಂಬ ಟ್ರಾಫಿಕ್ಕು. ಆದರೂ ಗಾಲಿಕುರ್ಚಿಯನ್ನು ಮಡಚಿ ಹಿಂದಕ್ಕಿಟ್ಟು, ಇಬ್ಬರು ಮುದುಕಿಯರನ್ನು ಕೂರಿಸಿಕೊಂಡು ಹೊರಟಳು.

ಸ್ಮಶಾನದಲ್ಲಿ ತಣ್ಣನೆಯ ಗಾಳಿ ಬೀಸುತ್ತಿತ್ತು. ಪೆರ್ಲಾ ತಮ್ಮವರ ಪದ್ಧತಿಯಂತೆ ಸಮಾಧಿಯ ಮೇಲೆ ಒಂದು ಸಣ್ಣ ಕಲ್ಲಿಟ್ಟಳು.

"ಚಿಕ್ಕಮ್ಮಾ, ನೀವಲ್ಲ... ನೀವಲ್ಲ," ಎಂದಳು. ಅವಳ ಗಾಲಿಕುರ್ಚಿಯ ಕೈ ಹಿಡಿದು ನಿಂತಿದ್ದ ಫ್ರೀಡಾ ತಲೆಯೆತ್ತಲಿಲ್ಲ.

ವಾಪಸು ಕಾರಿನತ್ತ ತಳ್ಳಿಕೊಂಡು ಬರುವಾಗ ಪೆರ್ಲಾ ಪದ್ಮಜಾಳ ಕೈ ಮುಟ್ಟಿದಳು.

"ಮುಂದಿನ ವಾರ ನನ್ನಮ್ಮನ ಸಮಾಧಿಗೂ ಕರೆದುಕೊಂಡು ಹೋಗುತ್ತೀಯಾ, ಮಗಳೇ? ಅವಳಿಗೂ ಹೇಳಬೇಕಲ್ಲ."

"ಹೂಂ," ಎಂದಳು ಪದ್ಮಜಾ.