ಫ್ರಾನ್ಸಿನಿಂದ ಬಂದ ಶವಪೆಟ್ಟಿಗೆ

ಚರ್ಚಿನ ಬಾಗಿಲು ತೆಗೆದ ಪಾದ್ರಿ ಹೊಸ್ತಿಲಲ್ಲೇ ನಿಂತುಬಿಟ್ಟರು. ಶವಪೆಟ್ಟಿಗೆಗೆ ಸೈನ್ಯದವರು ಹಾಕಿದ್ದ ಮೊಹರು ಒಡೆದಿತ್ತು. ಮುಚ್ಚಳ ಮಾತ್ರ ಭದ್ರವಾಗಿತ್ತು.

ಒಳಗಿದ್ದವನು ಆರ್ವೋ ಲೆಹ್ತೋಲಾ. ಯುದ್ಧದಲ್ಲಿ ಸತ್ತು, ಮೂರು ವರ್ಷ ಫ್ರಾನ್ಸಿನ ಮಣ್ಣಲ್ಲಿದ್ದು, ನಿನ್ನೆಯಷ್ಟೇ ಅಮೆರಿಕದ ಮಿಷಿಗನ್ನಿನ ತನ್ನೂರಿಗೆ ಬಂದಿದ್ದ. ಮಧ್ಯಾಹ್ನ ಅವನನ್ನು ಮತ್ತೆ ಮಣ್ಣು ಮಾಡಬೇಕಿತ್ತು.

ಪೊಲೀಸ್ ಅಧಿಕಾರಿ ನಿಸ್ಕಾ ಬರುವಷ್ಟರಲ್ಲಿ ಊರು ಕಳ್ಳನನ್ನು ಹಿಡಿದಾಗಿತ್ತು. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಸಿಕ್ಕವನು, ರೈಲಿನಿಂದ ಪೆಟ್ಟಿಗೆ ತಂದ ಗಾಡಿಯವನು ಡೋಲನ್. ಹಿಂದೊಮ್ಮೆ ಹೆಣದ ಬೆರಳಿನ ಉಂಗುರ ಕದ್ದು ಸಿಕ್ಕಿಬಿದ್ದವನು.

"ಕದಿಯೋನು ಕದ್ದು ಓಡ್ತಾನೆ ಸ್ವಾಮಿ," ಎಂದ ಡೋಲನ್. "ಕೂತ್ಕೊಂಡು ಮತ್ತೆ ಸ್ಕ್ರೂ ಹಾಕ್ತಾನಾ?"

ಮಾತು ಸರಿಯಿತ್ತು. ನಿಸ್ಕಾ ಬಗ್ಗಿ ಸ್ಕ್ರೂಗಳನ್ನು ನೋಡಿದ. ಪ್ರತಿಯೊಂದರ ತಲೆಯ ಗೀರೂ ಒಂದೇ ದಿಕ್ಕಿಗಿತ್ತು. ಆತುರದಲ್ಲಿ ಮುಚ್ಚಿದವನ ಕೈಯಲ್ಲ ಅದು. ಪಕ್ಕದ ಬೆಂಚು ನೋಡಿದ. ಅಲ್ಲೂ ಹಾಗೆಯೇ.

"ಬೆಂಚು ಮಾಡಿದ್ದು ಯಾರು ಪಾದ್ರಿಗಳೇ?"

ಪಾದ್ರಿ ತಲೆ ತಗ್ಗಿಸಿದರು. "ಆರ್ವೋನ ಅಪ್ಪ."

\* \* \*

ತಾವೆಟ್ಟಿ ಲೆಹ್ತೋಲಾ ಬಡಗಿ. ಕರಿ ಕೋಟು ತೊಟ್ಟು ಅಡುಗೆಮನೆಯಲ್ಲಿ ಕೂತಿದ್ದ. ಮುಂದಿದ್ದ ಕಾಫಿ ಆರಿತ್ತು.

"ಯಜಮಾನ್ರೇ, ಪೆಟ್ಟಿಗೆ ತೆಗೆದಿದ್ದು ನೀವೇ," ಎಂದ ನಿಸ್ಕಾ. "ಈ ಊರಲ್ಲಿ ಸ್ಕ್ರೂ ಗೀರನ್ನ ಸಾಲಾಗಿ ನಿಲ್ಲಿಸೋ ಕೈ ನಿಮ್ಮದೊಂದೇ. ಯಾಕೆ ತೆಗೆದ್ರಿ?"

ಮುದುಕ ಪೆಟ್ಟಿಗೆಯ ಜೊತೆ ಬಂದಿದ್ದ ಸೈನ್ಯದ ಕಾಗದ ಮುಂದಿಟ್ಟ. ಫ್ರಾನ್ಸಿನಲ್ಲಿ ಗೋರಿ ಅಗೆದು ಹೆಣ ತೆಗೆದವರು ಕಂಡದ್ದನ್ನೆಲ್ಲ ಬರೆದಿದ್ದರು. ಆರ್ವೋನ ಹೆಸರು ಕೋಟಿನ ಒಳಗಡೆ ಇತ್ತು. ಹಲ್ಲು ಒಂದೂ ಬಿದ್ದಿಲ್ಲ.

"ಕುದುರೆ ಒದ್ದು ಆರ್ವೋಗೆ ಮುಂದಿನ ಹಲ್ಲೆರಡು ಹೋಗಿದ್ವು. ಚಿಕ್ಕೋನಿದ್ದಾಗ್ಲೇ. ಬರೆದೋರು ತಪ್ಪಿರ್ಬೇಕು ಅಂತ ನೋಡೋಕೆ ಹೋದೆ."

"ತಪ್ಪಿರ್ಲಿಲ್ವಾ?"

"ಕೋಟು ನಮ್ಮ ಹುಡುಗಂದು. ಚಳಿಗೆ ಯಾರಿಗೋ ಕೊಟ್ಟಿದ್ದಾನೆ. ಒಳಗಿರೋನು ನಮ್ಮೋನಲ್ಲ."

ನಿಸ್ಕಾ ಕಾಗದ ಮಡಚಿಟ್ಟ. ಕಳ್ಳ ಸಿಕ್ಕ ದಿನ ಇಷ್ಟು ಸಂಕಟ ಅವನಿಗೆ ಎಂದೂ ಆಗಿರಲಿಲ್ಲ.

"ಆರ್ವೋನ ಅಮ್ಮಂಗೆ, ಹಿಲ್ಯಾಗೆ ಹೇಳ್ಬೇಡಪ್ಪ," ತಾವೆಟ್ಟಿ ಕೈ ಹಿಡಿದುಕೊಂಡ. "ಪೆಟ್ಟಿಗೆ ಬಂತಲ್ಲ ಅಂತ ನಿನ್ನೆ ರಾತ್ರಿ ನಿದ್ದೆ ಮಾಡಿದ್ದಾಳೆ. ಮೂರು ವರ್ಷ ಆದ್ಮೇಲೆ. ಅವನನ್ನೇ ನಮ್ಮೋನು ಅಂತ ಮಣ್ಣು ಮಾಡಿಬಿಡೋಣ. ಯಾರಿಗೇನು ನಷ್ಟ?"

"ಅವನ ಅಮ್ಮನಿಗೆ," ಎಂದಳು ಹಿಲ್ಯಾ.

ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಗಂಡನತ್ತ ನೋಡಲಿಲ್ಲ, ಬೈಯಲೂ ಇಲ್ಲ.

"ಸೈನ್ಯಕ್ಕೆ ಬರಿ ನಿಸ್ಕಾ. ಗುಂಡಿ ತೋಡೋದು ನಿಲ್ಸು ಅಂತ ಹೇಳಿ ಕಳ್ಸು. ಆ ಹೆಂಗಸು ಇನ್ನೂ ದಾರಿ ನೋಡ್ತಾ ಕೂತಿರ್ತಾಳೆ. ಆ ಕೂರೋದು ಏನಂತ ನಂಗೊತ್ತು."

\* \* \*

ಮಧ್ಯಾಹ್ನ ಬಂದವರೆಲ್ಲ ಗುಸುಗುಸು ಮಾಡುತ್ತ ಮನೆಗೆ ಮರಳಿದರು. ಡೋಲನ್ ಮಾತ್ರ ಟೋಪಿ ತೆಗೆದು ಹೊರಗೆ ನಿಂತಿದ್ದ. ಹಿಲ್ಯಾ ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಳು. ತಾವೆಟ್ಟಿ ಅವಳ ಹಿಂದೆ ನಿಂತ.

"ಇವನ ಕಡೆಯೋರು ಬರೋವರೆಗೂ ಇವನು ಒಂಟಿ ಆಗ್ಬಾರ್ದು," ಎಂದಳು. ಆಮೇಲೆ ಮುಚ್ಚಳದ ಮೇಲೆ ಕೈಯಿಟ್ಟು ಕೇಳಿದಳು. "ನಮ್ಮ ಆರ್ವೋ ಎಲ್ಲಿದ್ರೂ ಅವನ ಹತ್ರಾನೂ ಯಾರಾದ್ರೂ ಹೀಗೆ ಕೂತಿರ್ತಾರೆ, ಅಲ್ವಾ?"

"ಹೌದಮ್ಮ," ಎಂದ ನಿಸ್ಕಾ. ಅವನಿಗೆ ಅದು ಗೊತ್ತಿರಲಿಲ್ಲ.