ಗೋವಿನಜೋಳದ ಹೊಲದ ದನಿ

ಓಡಲು ಶುರು ಮಾಡಿದ ಹೊಸದರಲ್ಲಿ ಅಕ್ಕಿಆಲೂರಿನ ರೈಸ್‌ಮಿಲ್ ದಾಟುವಷ್ಟರಲ್ಲೇ ನನಗೆ ಏದುಸಿರು ಬರುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಕೆರೆಯ ಏರಿಯ ತನಕ ಹೋಗಿ ಬರುವಷ್ಟಾದೆ. ಗದ್ದೆಯ ಮೇಲೆ ಮಂಜು, ಬೆಳ್ಳಕ್ಕಿಗಳ ಸಾಲು, ಒದ್ದೆ ಮಣ್ಣಿನ ವಾಸನೆ. ಹಗಲೆಲ್ಲ ಮೆಡಿಕಲ್ ಅಂಗಡಿಯಲ್ಲಿ ನಿಂತು ಮಾತ್ರೆ ಕೊಡುವ ನನಗೆ ಮುಂಜಾನೆಯ ಆ ಒಂದು ತಾಸು ಹಬ್ಬ.

ಆಮೇಲೆ ಆ ದನಿ ಬಂತು.

ಕೆರೆಯ ರಸ್ತೆಗೆ ಹೊಂದಿಕೊಂಡೇ ಆಳೆತ್ತರದ ಗೋವಿನಜೋಳದ ಹೊಲ. ಗಾಳಿಯಿಲ್ಲದಿದ್ದರೂ ಗರಿಗಳು ಸರಸರ ಎನ್ನುತ್ತಿದ್ದವು. ಒಳಗಿನಿಂದ ಒಬ್ಬ ಗಂಡಸು ಕೂಗಿದ.

"ಏಯ್... ಬಂದ್ಯಾ? ಬಾ, ಬಾ! ಇವತ್ತ ಬಿಡಂಗಿಲ್ಲ ನಿನ್ನ!"

ಜೀವ ಬಾಯಿಗೆ ಬಂತು. ಹಿಂದೆ ನೋಡದೆ ಓಡಿದೆ. ಮರುದಿನವೂ ಅದೇ ದನಿ, ಅದೇ ಮಾತು. ಹೆದರಿದವಳಿಗೆ ಯೋಚನೆ ಮಾಡಲು ಪುರುಸೊತ್ತೆಲ್ಲಿ?

ಮನೆಯಲ್ಲಿ ಹೇಳುವಂತಿರಲಿಲ್ಲ. ಹೇಳಿದರೆ ಆ ದಿನವೇ ನನ್ನ ಬೂಟುಗಳು ಮೂಲೆ ಸೇರುತ್ತವೆ. ಅವ್ವನಿಗೆ ಆಗಲೇ ಅನುಮಾನ.

"ಶೀಲಾ, ಮಾರಿ ಯಾಕ ಬಿಳಿಚೈತಿ? ಯಾರರ ಏನರ ಅಂದ್ರೇನು?"

"ಯಾರೂ ಇಲ್ಲ ಬೇ. ಓಡಿದ್ರ ಹಂಗ ಆಕ್ಕೈತಿ."

"ಅಂಜಿಕಿ ಬರೂದಿದ್ರ ಓಡೂದ ಬ್ಯಾಡ."

ಆ ದನಿಗಿಂತಲೂ ಅವ್ವನ ಈ ಮಾತಿಗೇ ನಾನು ಹೆಚ್ಚು ಹೆದರಿದ್ದು. ಓಟ ನಿಂತರೆ ಮಂಜೂ ಇಲ್ಲ, ಕೆರೆಯೂ ಇಲ್ಲ.

ಕೊನೆಗೊಂದು ಉಪಾಯ ಹೂಡಿದೆ. ಆ ಹೊಲ ಬರುವ ಮೊದಲೇ ರಸ್ತೆ ಬಿಟ್ಟು, ಅದರಾಚೆಗಿನ ಬೇರೆಯವರ ಹೊಲದ ಬದು ಹಿಡಿದೆ. ಮೊಣಕಾಲೆತ್ತರದ ಹುಲ್ಲು. ಇಬ್ಬನಿಗೆ ಬೂಟು ತೊಯ್ದು ಭಾರವಾಗಿತ್ತು. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ.

"ನಿಂದರ್ರಿ!"

ಅದೇ ದನಿ! ಈ ಸಲ ನನ್ನ ಬೆನ್ನ ಹಿಂದೆ. ಗರಿಗಳನ್ನು ಸೀಳಿಕೊಂಡು ಯಾರೋ ಓಡಿ ಬರುತ್ತಿದ್ದರು. ಜನ್ಮದಲ್ಲೇ ಓಡದಷ್ಟು ಜೋರಾಗಿ ಓಡಿದೆ.

"ಮೇಡಂ, ನಿಂದರ್ರಿ! ನಿಮ್ಮ ಕಾಲಿಗೆ ಬೀಳ್ತೇನಿ, ಮುಂದ ಹೋಗಬ್ಯಾಡ್ರಿ!"

ದನಿ ಒಡೆಯಿತು. ದಿನಾ ನನ್ನನ್ನು ಹೆದರಿಸುತ್ತಿದ್ದ ದನಿ ಈಗ ತಾನೇ ಹೆದರಿ ಅಳುತ್ತಿತ್ತು. ಭಯ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಿಂತೆ.

ಎರಡು ಹೆಜ್ಜೆ ಮುಂದೆ ಹುಲ್ಲಿನಲ್ಲಿ ತೆಳ್ಳನೆಯ ತಂತಿ. ಅದರ ಪಕ್ಕದಲ್ಲಿ ಒಂದು ಮುಂಗುಸಿ ಹಲ್ಲು ಕಿರಿದು ಸತ್ತು ಬಿದ್ದಿತ್ತು.

"ಹಂದಿಗಂತ ಕರೆಂಟ್ ಬಿಟ್ಟಾರ್ರಿ. ನಿನ್ನಿ ಹಾಕ್ಯಾರ. ನೀವು ಈ ಕಡೆ ಹೊಳ್ಳಿದ್ದು ಹೊಲ ಕಾಯೋ ಅಟ್ಟದ ಮ್ಯಾಲಿಂದ ಕಂಡೆ, ನನ್ನ ಜೀವಾನ ಹೋದಂಗಾತು."

ಓಡಿ ಬಂದವನದು ಬರಿಗಾಲು. ಕೆನ್ನೆಯ ತುಂಬ ಗರಿ ಗೀಚಿದ ಗಾಯ. ನಾನು ಬದುವಿನ ಮೇಲೆ ಕುಸಿದು ಕೂತೆ.

ಅಷ್ಟರಲ್ಲಿ ಅವನ ಹೊಲದ ನಡುವಿನಿಂದ ಕೂಗು ಬಂತು. "ಏಯ್... ಬಂದ್ಯಾ? ಬಾ, ಬಾ!"

ಅವನು ನನ್ನೆದುರಿಗೇ ನಿಂತಿದ್ದ. ತುಟಿ ಅಲ್ಲಾಡಿರಲಿಲ್ಲ.

"ಅದು... ಅದು ಯಾರು?"

"ಸ್ಪೀಕರ್ ರೀ. ಹಂದಿ ಬರಬಾರ್ದಂತ ನನ್ನ ದನಿ ತುಂಬಿಟ್ಟೇನಿ. ಹೊತ್ತು ಏರುತನಕ ಕೂಗ್ತೈತಿ."

"ಹಂದಿಗೇನು? ನಾ ನನಗಂತ ತಿಳಿದಿದ್ದೆ!"

ಅವನ ಮುಖ ಪೆಚ್ಚಾಯಿತು. "ಅದಕ್ಕ ನಮ್ಮ ಹೊಲ ಬಂದಕೂಡ್ಲೆ ಹಂಗ ಓಡ್ತಿದ್ರೇನು? ನಾ ಪ್ರಾಕ್ಟೀಸ್ ಅನ್ಕೊಂಡಿದ್ದೆ. ಎಂಥಾ ಸ್ಪೀಡ್ ಅಂತ..."

"ದಿನಾ ನೋಡ್ತಿದ್ರೇನು?"

ಅವನ ಕಿವಿ ಕೆಂಪಾದವು. "ನೀವು ದಾಟಿದ ಮ್ಯಾಲೇನ ನಾ ಅಟ್ಟ ಇಳಿತಿದ್ದೆ."

ನನಗೆ ನಗು, ಅಳು ಒಟ್ಟಿಗೇ ಬಂದವು.

ಅವನ ಹೆಸರು ಲೋಹಿತ. ಅಂದೇ ಆಚೆ ಹೊಲದವರ ಮನೆ ಬಾಗಿಲಲ್ಲಿ ಪಟ್ಟು ಹಿಡಿದು ಕೂತು ತಂತಿ ತೆಗೆಸಿದ. ಸ್ಪೀಕರನ್ನೂ ಕಿತ್ತುಹಾಕಲು ಹೊರಟವನನ್ನು ನಾನೇ ತಡೆದೆ. ನನ್ನ ಸಲುವಾಗಿ ಹಂದಿಗಳಿಗೆ ಹಬ್ಬವಾಗಬೇಕೆ? ಆಮೇಲೆ ದಿನಾ ಅವನು ರಸ್ತೆಯ ಅಂಚಿನಲ್ಲಿ ನಿಂತಿರುತ್ತಿದ್ದ. ನಾನು ಹತ್ತಿರ ಬರುವ ತನಕ ನೋಡಿ, ಬಂದ ಮೇಲೆ ಜೋಳದ ಕಡೆ ನೋಡುತ್ತಿದ್ದ.

"ಇತ್ತಿತ್ಲಾಗ ಇಲ್ಲಿ ಸ್ಪೀಡ್ ಕಡಿಮಿ ಆತಲ್ರಿ."

"ಯಾಕಂತ ನಿಮಗ ಗೊತ್ತಿಲ್ಲೇನು?"

ಭಯ ಹೋಯಿತೆಂದುಕೊಂಡಿರಾ? ಇಲ್ಲ. ತೆನೆಗಳು ಒಣಗತೊಡಗಿದ್ದವು. ಬೆಳೆ ಕಟಾವಾದ ಮೇಲೆ ಅವನಿಗೆ ಅಲ್ಲಿ ಮುಂಜಾನೆ ಏನು ಕೆಲಸ? ಕೇಳಲು ಬಾಯಿ ಬರಲಿಲ್ಲ. ಎಲ್ಲಿ "ಏನಿಲ್ರಿ" ಎಂದುಬಿಡುತ್ತಾನೋ ಎಂಬ ದಿಗಿಲು.

ಒಂದು ದಿನ ಹೊಲ ಬೋಳಾಗಿತ್ತು. ಅಟ್ಟವಿಲ್ಲ, ಸ್ಪೀಕರಿಲ್ಲ, ಅವನಿಲ್ಲ. ನನ್ನ ಹೆಜ್ಜೆಯ ಸಪ್ಪಳವೊಂದೇ. ಆ ಮೌನಕ್ಕೆ ಹೆದರಿದಷ್ಟು ನಾನು ಯಾವ ಕೂಗಿಗೂ ಹೆದರಿರಲಿಲ್ಲ. ಕಣ್ಣೊರೆಸಿಕೊಳ್ಳುತ್ತಲೇ ಓಡಿದೆ.

ಏರಿಯ ಬುಡದಲ್ಲಿ ಯಾರೋ ಬಗ್ಗಿ ಬೂಟಿನ ಲೇಸಿನ ಜೊತೆ ಗುದ್ದಾಡುತ್ತಿದ್ದರು. ಹೊಚ್ಚ ಹೊಸ ಬೂಟು. ಲೋಹಿತ!

"ಇಲ್ಲೇನ್ ಮಾಡಾಕತ್ತೀರಿ?"

"ಓಡಾಕ ಬಂದೇನ್ರಿ. ಕೂಗಾಕ ಬೆಳಿ ಉಳೀಲಿಲ್ಲ." ಅವನ ದನಿ ಆ ದಿನದಂತೆಯೇ ನಡುಗಿತು. "ನಿಮ್ಮ ಜೋಡಿ ಬರಲೇನು? ದಿನಾನೂ? ಒಲ್ಲೆ ಅಂತೀರೇನೋ ಅಂತ ಭಾಳ ಅಂಜಿಕಿ ಆಗೈತ್ರಿ."

ನಾನು ಬಗ್ಗಿ ಅವನ ಗಂಟು ಬಿಚ್ಚಿ, ಸರಿಯಾಗಿ ಕಟ್ಟಿದೆ. ನನ್ನ ಬೆರಳೂ ನಡುಗುತ್ತಿದ್ದವು. ಅವನು ನೋಡಲಿ ಎಂದು ಸುಮ್ಮನೆ ಬಿಟ್ಟೆ.

"ಲೋಹಿತ, ಬಾ, ಬಾ," ಎಂದೆ, ಅವನ ಸ್ಪೀಕರಿನದೇ ರಾಗದಲ್ಲಿ. "ಇವತ್ತ ಬಿಡಂಗಿಲ್ಲ ನಿನ್ನ!"

ಅವನು ನಗುತ್ತ ಏರಿಯ ಮೇಲೆ ಓಡಿದ. ನಾನು ಬೆನ್ನು ಹತ್ತಿದೆ.