ಬಾಲ್‌ಗೆ ಬೆನ್ನು ಹಾಕಿದವಳು

"ಈ ಫೋಟೋ ತೆಗೆದ ಪುಣ್ಯಾತ್ಮ ಯಾರು?"

ಪತ್ರಿಕಾ ಕಚೇರಿಯ ಫೋಟೋ ವಿಭಾಗದಲ್ಲಿ ಕೀಬೋರ್ಡುಗಳ ಸದ್ದು ನಿಂತೇಹೋಯಿತು. ಬಾಗಿಲಲ್ಲಿ ನಿಂತವಳು ಯಾರೆಂದು ಯಾರೂ ಕೇಳಬೇಕಾಗಿರಲಿಲ್ಲ. ಅವಳ ಮುಖ ಅಲ್ಲಿನ ಫ್ರಿಜ್ ಬಾಗಿಲ ಮೇಲೇ ಅಂಟಿಕೊಂಡಿತ್ತು!

ಬಾಯಿ ಅಗಲಿಸಿ ಚೀರುತ್ತಿರುವ ಗೋಲ್‌ಕೀಪರ್. ಅವಳ ಬೆನ್ನ ಹಿಂದೆ ಹಾರಿ ಬರುತ್ತಿರುವ ಬಾಲ್. ಕೆಳಗೆ ಯಾರೋ ಬರೆದಿದ್ದರು: 'ಸೋಮವಾರ ಬಂತು, ಓಡ್ರೋ!'

ಅವಳು ಅದನ್ನು ನೋಡಿದಳು.

ಮೂಲೆಯ ಮೇಜಿನಿಂದ ಒಬ್ಬ ಫೋಟೋಗ್ರಾಫರ್ ಎದ್ದ. ಅವನ ಎಡಗೈ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿತ್ತು.

"ನಾನೇ. ಕೂತ್ಕೊಳ್ಳಿ…"

"ಕೂರೋಕೆ ಬಂದಿಲ್ಲ! ಊರೆಲ್ಲ ನನ್ನ ನೋಡಿ ಹಲ್ಲು ಕಿರೀತಿದೆ. ನಮ್ಮ ಚಿಕ್ಕಮ್ಮ ಇದನ್ನ ನಮ್ಮಪ್ಪನಿಗೇ ಕಳಿಸಿದ್ಳು, 'ಶುಭೋದಯ' ಅಂತ ಬರ್ದು! ಅಪ್ಪ ನನ್ನ ಮುಖ ನೋಡಿ ಮಾತಾಡೋದೇ ಬಿಟ್ಟಿದಾರೆ. ನಾಳೆ ಕೋಚ್ ಹೊಸ ಟೀಮ್ ಹೇಳ್ತಾರೆ. ಫೈನಲ್‌ನಲ್ಲಿ ಬಾಲ್‌ಗೆ ಬೆನ್ನು ಹಾಕಿದವಳಿಗೆ ಯಾರು ಜಾಗ ಕೊಡ್ತಾರೆ?"

ಅವನು ತಲೆ ತಗ್ಗಿಸಿದ. ಅದು ಅವಳನ್ನು ಇನ್ನಷ್ಟು ಕೆರಳಿಸಿತು.

"ನೀವು ಗೋಲ್ ಹಿಂದೇನೇ ಕೂತಿದ್ರಿ! ನಿಮ್ಮಲ್ಲೊಬ್ಬರ ಮೇಲೆ ಆ ಜಾಹೀರಾತಿನ ಬೋರ್ಡ್ ಬೀಳ್ತಿತ್ತು. ಅವರಿಗೇ ನಾನು ಕೂಗಿದ್ದು! ಹಾಗಂತ ಹೇಳಿದ್ರೆ ಅದನ್ನೂ ಮೀಮ್ ಮಾಡಿದ್ರು. ನೀವಾದ್ರೂ ಕಂಡಿದ್ದನ್ನ ಹೇಳಬಹುದಿತ್ತಲ್ಲಾ?"

"ನಾನು ಬೋರ್ಡ್ ನೋಡಲಿಲ್ಲ." ಅವನು ಪಟ್ಟಿಯಲ್ಲಿದ್ದ ಕೈ ಮುಟ್ಟಿಕೊಂಡ. "ಅದು ಬಿದ್ದಿದ್ದು ನನ್ನ ಮೇಲೇ."

ಇವನಾ? ಸ್ಟ್ರೆಚರ್ ಮೇಲೆ ಹೊತ್ತುಕೊಂಡು ಹೋದರಲ್ಲ… ಬದುಕಿದ್ದಾನೋ ಇಲ್ಲವೋ ಎಂದು ಎಷ್ಟು ಜನರನ್ನು ಕೇಳಿದ್ದಳು! ಯಾರಿಗೂ ಅದು ಬೇಕಾಗಿರಲಿಲ್ಲ. ಎಲ್ಲರಿಗೂ ಬೇಕಾಗಿದ್ದದ್ದು ಅವಳ ಬಾಯಿ.

"ಕ್ಯಾಮೆರಾ ಒತ್ತಿದ ಕೂಡಲೇ ಫೋಟೋ ತಾನಾಗೇ ಆಫೀಸಿಗೆ ಹೋಗುತ್ತೆ," ಅವನೆಂದ. "ನನಗೆ ಎಚ್ಚರ ಆಗೋ ಹೊತ್ತಿಗೆ ಇವರು ಹಾಕಿಬಿಟ್ಟಿದ್ರು. ಆ ಗಲಾಟೆಯಲ್ಲಿ ನನಗೆ ನಿಮ್ಮ ಕೂಗು ಕೇಳಲೇ ಇಲ್ಲ. ನಿಮ್ಮ ಮುಖ ನೋಡಿ ಹೆದರಿ ಪಕ್ಕಕ್ಕೆ ಹಾರಿದೆ. ತಲೆ ಉಳೀತು, ಭುಜ ಹೋಯ್ತು. ಮೊದಲು ನನ್ನ ಅದೃಷ್ಟ ಅಂದ್ಕೊಂಡಿದ್ದೆ. ಆಮೇಲೆ ಮಲಗಿದಲ್ಲೇ ಈ ಫೋಟೋ ನೋಡ್ತಾ ನೋಡ್ತಾ…"

ಅವನು ಫ್ರಿಜ್ ಮೇಲಿನ ಚಿತ್ರವನ್ನು ಸರ್ರನೆ ಕಿತ್ತ. ಹೆಬ್ಬೆರಳಿನಿಂದ ಚಿತ್ರದ ಬಾಯನ್ನು ಮುಚ್ಚಿ ಅವಳ ಮುಂದೆ ಹಿಡಿದ.

"ಈಗ ನೋಡಿ."

ಬಾಯಿ ಮರೆಯಾದಾಗ ನಗು ಬರುವಂಥದ್ದು ಏನೂ ಉಳಿದಿರಲಿಲ್ಲ. ಎರಡು ಕಣ್ಣುಗಳು ಮಾತ್ರ. ಅವು ಕ್ಯಾಮೆರಾವನ್ನು ನೋಡುತ್ತಿರಲಿಲ್ಲ. ಅದರ ಮೇಲೆ, ಅವನ ತಲೆಗಿಂತ ಮೇಲೆ ನೋಡುತ್ತಿದ್ದವು. ಯಾರದೋ ಜೀವಕ್ಕಾಗಿ ಹೆದರಿದ್ದವು.

"ಇಷ್ಟು ಜನ ನೋಡಿದ್ರು. ಕಣ್ಣು ಯಾರೂ ನೋಡ್ಲಿಲ್ಲ!" ಅವನು ಸಹೋದ್ಯೋಗಿಗಳತ್ತ ತಿರುಗಿ ಸಿಡಿದ. "ನಾವೂ ನೋಡ್ಲಿಲ್ಲ. ಫೋಟೋ ನೋಡೋದೇ ನಮ್ಮ ಕೆಲಸ, ನಾಚಿಕೆ ಆಗ್ಬೇಕು!"

ಅವಳಿಗೆ ಅಳು ಬಂತು. ಇಷ್ಟು ದಿನ ಹಟ ಹಿಡಿದು ತಡೆದಿದ್ದ ಅಳು!

ಮರುದಿನ ಬೆಳಿಗ್ಗೆ ಮೈದಾನದಲ್ಲಿ ಕೋಚ್ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಅವಳ ಜೊತೆ ಬಂದಿದ್ದ ಫೋಟೋಗ್ರಾಫರನ ಪಟ್ಟಿ ಕಟ್ಟಿದ ಕೈಯನ್ನೂ ನೋಡಿದರು.

"ನಿನ್ನ ಮಾತು ಸಬೂಬು ಅಂದಿದ್ದೆ. ತಪ್ಪಾಯ್ತಮ್ಮ. ಆದ್ರೂ ಒಂದು ಮಾತು ಹೇಳು. ನಾಳೆ ಇಂಥದ್ದೇ ಆದ್ರೆ?"

ಸುಳ್ಳು ಹೇಳಿದರೆ ಜಾಗ ಸಿಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಮತ್ತೆ ತಿರುಗ್ತೀನಿ ಸರ್. ಗೋಲ್ ಹೋದ್ರೆ ಇನ್ನೊಂದು ಹೊಡೀಬಹುದು."

ಕೋಚ್ ಅವಳ ಗ್ಲೌಸನ್ನು ಅವಳ ಎದೆಗೇ ಎಸೆದರು. "ಹೋಗು, ನಿಲ್ಲು. ನಿನ್ನಂಥವಳು ಹಿಂದೆ ನಿಂತಿದ್ರೆ ಉಳಿದವರು ಧೈರ್ಯವಾಗಿ ಆಡ್ತಾರೆ."

ಫೋಟೋಗ್ರಾಫರ್ ಆ ಚಿತ್ರವನ್ನು, ನಡೆದದ್ದನ್ನೂ ಬರೆದು, ಪತ್ರಿಕೆಯಲ್ಲಿ ಮತ್ತೆ ಹಾಕಿದ. ನಕ್ಕವರಲ್ಲಿ ಒಬ್ಬರಾದರೂ ತಪ್ಪಾಯಿತು ಎಂದರೇ? ಇಲ್ಲ! ಅಷ್ಟರಲ್ಲಿ ಅವರಿಗೆ ನಗಲು ಇನ್ಯಾರದೋ ಮುಖ ಸಿಕ್ಕಿತ್ತು. ಆದರೆ ಅವಳ ಅಪ್ಪ ಮಾತ್ರ ಅದನ್ನು ಓದಿ, ಕನ್ನಡಕ ಒರೆಸಿಕೊಂಡು, ಚಿಕ್ಕಮ್ಮನಿಗೆ ಕಳಿಸಿದರು. 'ಶುಭೋದಯ' ಎಂದು ಬರೆದು.

ಒಂದು ಸಂಜೆ ಅಭ್ಯಾಸ ಮುಗಿದು ಎಲ್ಲರೂ ಹೋದ ಮೇಲೂ ಅವನು ಗೋಲ್ ಹಿಂದೆ ಹುಲ್ಲಿನ ಮೇಲೆ ಕೂತೇ ಇದ್ದ.

"ಭುಜದ ನೋವು ಹೇಗಿದೆ?" ಬಲೆಯ ಈಚೆಯಿಂದ ಕೇಳಿದಳು.

"ಭುಜ ವಾಸಿ ಆಗ್ತಿದೆ. ಆ ಕಣ್ಣು ನೋಡಿದ್ಮೇಲೆ ಎದೆ ವಾಸಿ ಆಗೋದೇ ಕಷ್ಟ." ಅವನ ಕಿವಿ ಕೆಂಪಾಯಿತು. "ನಂಗೆ ನೀವು ಇಷ್ಟ. ಪ್ರಾಣ ಉಳಿಸಿದ್ರಿ ಅಂತಲ್ಲ… ಅಲ್ಲ, ಅದೂ ಹೌದು…"

ಅವಳು ತುಟಿ ಕಚ್ಚಿ ನಗು ತಡೆದಳು.

"ಒಂದು ಕೇಳ್ಲಾ?" ಅವನೆಂದ. "ಎಲ್ಲರೂ ಆ ಬಾಯಿಗೆ ಏನೇನೋ ಮಾತು ಹಾಕಿದ್ರು. ನಿಜವಾಗ್ಲೂ ಏನು ಕೂಗಿದ್ರಿ?"

"ಬೇಡ ಬಿಡಿ."

"ಹೇಳಿ…"

"'ಏಳೋ ಕತ್ತೆ!' ಅಂತ."

ಅವನು ಭುಜ ಹಿಡಿದುಕೊಂಡು ನಕ್ಕ. ನೋವಿಗೆ ಕಣ್ಣಲ್ಲಿ ನೀರು ಬಂದರೂ ನಕ್ಕ.

"ಅವತ್ತು ಕೇಳಿಸ್ಲಿಲ್ಲ. ಇನ್ನೊಂದ್ಸಲ ಕರೀರಿ."

ಅವಳು ಬಲೆಯನ್ನು ಮೇಲಕ್ಕೆತ್ತಿ ಕೈ ಚಾಚಿದಳು.

"ಏಳೋ… ಕತ್ತೆ," ಎಂದಳು ಮೆಲ್ಲಗೆ.

ಅವನು ಆ ಕೈ ಹಿಡಿದು ಎದ್ದ.